ಹನ್ನೆರಡು ಮಿಲಿಮೀಟರ್

ಮನೆಯಲ್ಲೊಂದು ಹಳೆಯ ಸೈಕಲ್ ಇದ್ದರೆ ಅದನ್ನು ಮೂರು ಜನ ಮೂರು ರೀತಿ ನೋಡುತ್ತಾರೆ. ಗುಜರಿಯವನಿಗೆ ಅದು ಇಷ್ಟು ಕಿಲೋ ಕಬ್ಬಿಣ. ಮನೆಯಾಕೆಗೆ ಕಸ ಗುಡಿಸುವಾಗ ಅಡ್ಡ ಬರುವ ವಸ್ತು. ಅದನ್ನು ತುಳಿದವರ ಮಗನಿಗೆ ಮಾತ್ರ ಅದು ಏನೆಂದು ಹೇಳಲು ಬರುವುದಿಲ್ಲ. ಮಾರಲು ಮನಸ್ಸಿಲ್ಲ, ತುಳಿಯಲು ಮೊಣಕಾಲಿಲ್ಲ. ಮಾಕಳಿಯ ನಮ್ಮ ಮನೆಯ ಹಿತ್ತಿಲ ಚಪ್ಪರದಡಿ, ಒಂದು ಕಾಲದಲ್ಲಿ ಎಮ್ಮೆ ಕಟ್ಟುತ್ತಿದ್ದ ಗೂಟದ ಪಕ್ಕದಲ್ಲಿ, ಅಪ್ಪನ ರ‍್ಯಾಲೆ ಸೈಕಲ್ ಹೀಗೇ ಹದಿನೈದು ವರ್ಷ ನಿಂತಿತ್ತು. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಅವ್ವ ಅದನ್ನು ತೊಳೆದು, ಹ್ಯಾಂಡಲ್ಲಿಗೆ ಸೇವಂತಿಗೆ ಸುತ್ತಿ, ಕುಂಕುಮ ಇಡುತ್ತಿದ್ದಳು. ಮಿಕ್ಕ ದಿನಗಳಲ್ಲಿ ಅದರ ಕಡೆ ನೋಡದೆ ಓಡಾಡುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು.

ಅಪ್ಪ ಜಾಲಹಳ್ಳಿಯ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ಟೂಲ್ ರೂಮಿನ ಕೆಲಸಗಾರರು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ 1961ರಲ್ಲಿ ಗಡಿಯಾರ ತಯಾರಿಸಲು ಶುರುಮಾಡಿದ ಆ ಕಾರ್ಖಾನೆ, ನಮ್ಮ ಕಡೆಯ ಎಷ್ಟೋ ರೈತರ ಮಕ್ಕಳಿಗೆ ಮೊದಲ ಸಂಬಳ ಕೊಟ್ಟಿತು. ಅಪ್ಪ ಈ ಸೈಕಲ್ ಕೊಂಡದ್ದು 1968ರಲ್ಲಿ. 22 ಇಂಚಿನ ಕರೀ ಚೌಕಟ್ಟು, 28 ಇಂಚಿನ ಗಾಲಿ, ಕಂಬಿ ಬ್ರೇಕು, ಚೈನನ್ನು ಪೂರ್ತಿ ಮುಚ್ಚುವ ಡಬ್ಬ. ಮಾಕಳಿಯಿಂದ ಮಾದಾವರ, ಚಿಕ್ಕಬಿದರಕಲ್ಲು, ದಾಸರಹಳ್ಳಿ ದಾಟಿ ಕಾರ್ಖಾನೆಯ ಗೇಟು ಸೇರಲು ಹನ್ನೊಂದು ಹನ್ನೆರಡು ಕಿಲೋಮೀಟರ್. ಆಗಿನ ತುಮಕೂರು ರಸ್ತೆಯಲ್ಲಿ ಎರಡೂ ಕಡೆ ಮರ, ನಡುವೆ ಒಂದು ಲಾರಿ ಇನ್ನೊಂದು ಲಾರಿಗೆ ದಾರಿ ಬಿಡುವಷ್ಟು ಡಾಂಬರು. ಬೆಳಗಿನ ಪಾಳಿಗೆ ಹೊರಟವರು ಐದಾರು ಜನ ಒಟ್ಟಾಗಿ, ಡೈನಮೋ ಬೆಳಕಿನಲ್ಲಿ, ಮಾತಾಡಿಕೊಂಡು ಹೋಗುತ್ತಿದ್ದರಂತೆ. ಈಗ ಅದೇ ರಸ್ತೆ ಆರು ಸಾಲಿನ ಹೆದ್ದಾರಿ. ಅದರ ಸಂಖ್ಯೆಯೂ ನಾಲ್ಕು ಹೋಗಿ ನಲವತ್ತೆಂಟಾಗಿದೆ. ಅಪ್ಪ 2009ರಲ್ಲಿ ತೀರಿಕೊಂಡರು. ಅವರ ಗಡಿಯಾರ ಘಟಕ ಮುಚ್ಚುವ ತೀರ್ಮಾನವಾದದ್ದು 2016ರಲ್ಲಿ. ಅದನ್ನು ಕೇಳುವ ಕಷ್ಟ ಅವರಿಗೆ ಬರಲಿಲ್ಲ.

ಇಂಥ ಸೈಕಲ್ಲನ್ನು ಮತ್ತೆ ರಸ್ತೆಗೆ ಇಳಿಸುವ ಯೋಚನೆ ಬಂದದ್ದು ನನಗಲ್ಲ, ಮಗಳಿಗೆ. ಅವಳು ಯಶವಂತಪುರದ ಕಡೆ ಒಂದು ಲೆಕ್ಕಪತ್ರದ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ್ದಳು. ಬಸ್ಸಿಗೆ ಕಾದು, ನಿಂತು, ಸಿಗ್ನಲ್ಲಿನಲ್ಲಿ ಸಿಕ್ಕಿ ರಾತ್ರಿ ಮನೆ ಸೇರುವಷ್ಟರಲ್ಲಿ ಅವಳ ಮುಖ ನೋಡಲಾಗುತ್ತಿರಲಿಲ್ಲ. ಒಂದು ದಿನ ಊಟದ ಹೊತ್ತಿನಲ್ಲಿ, "ಅಪ್ಪಾ, ಅಲ್ಲೇ ಒಂದು ಪಿ.ಜಿ. ನೋಡಿದ್ದೀನಿ" ಎಂದಳು. ಯಾರೂ ಏನೂ ಹೇಳಲಿಲ್ಲ. ಅವ್ವ ಮಾತ್ರ ಸಾರಿನ ಬಟ್ಟಲನ್ನು ಸ್ವಲ್ಪ ಜೋರಾಗಿ ಕೆಳಗಿಟ್ಟಳು.

ಅಷ್ಟರಲ್ಲಿ, 2024ರ ನವೆಂಬರಿನಲ್ಲಿ, ನಾಗಸಂದ್ರಕ್ಕೆ ನಿಂತಿದ್ದ ಮೆಟ್ರೊ ಮಾದಾವರದವರೆಗೆ ಬಂತು. ನಮ್ಮ ಮನೆಯಿಂದ ಆ ನಿಲ್ದಾಣಕ್ಕೆ ಮೂರು ನಾಲ್ಕು ಕಿಲೋಮೀಟರ್. ಮಗಳ ಬಳಿ ಕಾಲೇಜಿನ ದಿನಗಳಲ್ಲಿ ಕೊಡಿಸಿದ್ದ ಏಳು ಗೇರಿನ ಸೈಕಲ್ ಇತ್ತು. ಬೆಳಿಗ್ಗೆ ಸರ್ವಿಸ್ ರಸ್ತೆಯಲ್ಲಿ ಸೈಕಲ್, ಅಲ್ಲಿಂದ ಮೆಟ್ರೊ. ಎರಡು ತಿಂಗಳು ಎಲ್ಲವೂ ಸುಗಮವಾಗಿತ್ತು. ಆಮೇಲೆ ಒಂದು ಸಂಜೆ ಯಾವುದೋ ಟೆಂಪೊ ಹಿಂದಕ್ಕೆ ಬರುತ್ತಾ, ಅಂಗಡಿಯ ಮುಂದೆ ನಿಲ್ಲಿಸಿದ್ದ ಸೈಕಲ್ಲಿನ ಮೇಲೆ ಹತ್ತಿತು. ಅವಳು ಒಳಗೆ ಹಾಲು ಕೊಳ್ಳುತ್ತಿದ್ದಳು, ದೇವರು ದೊಡ್ಡವನು. ಸೈಕಲ್ಲಿನ ಮುಂದಿನ ಗಾಲಿ ಹಪ್ಪಳ, ಚೌಕಟ್ಟು ಪೆಡಲಿನ ಬುಡದಲ್ಲಿ ಬಿರುಕು. ಹಿಂದಿನ ಗಾಲಿ, ಅದರ ಏಳು ಹಲ್ಲುಚಕ್ರ, ಗೇರು, ಇವಿಷ್ಟು ಕೂದಲೂ ಕೊಂಕದೆ ಉಳಿದಿದ್ದವು.

"ಹೊಸದು ತಗೊಂಡ್ರಾಯ್ತು ಬಿಡು" ಎಂದೆ. ಅವಳು ಹಿತ್ತಿಲ ಕಡೆ ನೋಡಿ, "ತಾತನ ಸೈಕಲ್ ಸುಮ್ನೆ ನಿಂತಿದೆಯಲ್ಲ ಅಪ್ಪಾ, ಅದಕ್ಕೆ ನನ್ನ ಗಾಲಿ ಹಾಕಿಸ್ಕೊಡು. ಹಿಂದಿನ ರಿಮ್ಮು ಹೇಗೂ ತುಕ್ಕು ತಿಂದು ತೂತಾಗಿದೆ" ಎಂದಳು. ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ಅವ್ವ ಒಳಗಿನಿಂದಲೇ, "ನಿಮ್ಮಪ್ಪನ ಸೈಕಲ್ ಬಗ್ಸೋದು ಗಿಗ್ಸೋದು ಮಾಡ್ಬ್ಯಾಡ್ರಿ. ಇದ್ದಂಗೆ ಇರ್ಲಿ" ಎಂದು ತೀರ್ಪು ಕೊಟ್ಟುಬಿಟ್ಟಳು. ನನಗೂ ಒಳಗೊಳಗೇ ಹಾಗೇ ಅನ್ನಿಸಿತ್ತು. ಅಪ್ಪ ಯಾವ ವಸ್ತುವನ್ನೂ ಬಲವಂತ ಮಾಡಿದವರಲ್ಲ. ಬಿಗಿಯಾದ ನಟ್ಟಿಗೂ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯುತ್ತಿದ್ದರು. "ಕೂರದೆ ಇದ್ರೆ ತಪ್ಪು ನಿನ್ನ ಅಳತೇಲಿದೆ" ಎಂಬುದು ಅವರ ಮಾತು. ಅಂಥವರ ಸೈಕಲ್ಲಿಗೆ ಸೇರದ ಗಾಲಿಯನ್ನು ತುರುಕುವುದೆಂದರೆ ಏನೋ ಅಪಚಾರ ಮಾಡಿದಂತೆ.

ಆದರೂ ಅಳತೆ ನೋಡುವುದಕ್ಕೆ ಯಾರ ಅಪ್ಪಣೆ ಬೇಕು? ಒಂದು ಭಾನುವಾರ ಎರಡನ್ನೂ ತಳ್ಳಿಕೊಂಡು, ಅಪ್ಪನ ವರ್ನಿಯರ್ ಕ್ಯಾಲಿಪರನ್ನು ಜೇಬಿಗೆ ಹಾಕಿಕೊಂಡು, ಊರ ಸೈಕಲ್ ಶಾಪಿಗೆ ಹೋದೆ. ಮೊದಲು ಅಲ್ಲಿ ಬಾಡಿಗೆಗೆ ಇಪ್ಪತ್ತು ಸೈಕಲ್ ಇರುತ್ತಿದ್ದವು. ಗಂಟೆಯ ಲೆಕ್ಕದಲ್ಲಿ ಸೈಕಲ್ ತಂದು ನಾವೆಲ್ಲ ಒಳಪೆಡಲು ಹೊಡೆದು ಕಲಿತದ್ದು ಅಲ್ಲಿಯೇ. 'ಇಲ್ಲಿ ಓವರಾಯಿಲಿಂಗ್ ಮಾಡಲಾಗುವುದು' ಎಂಬ ಬೋರ್ಡು ಈಗಲೂ ಇದೆ, ಅದರ ಕೆಳಗೆ ಸಾಲಾಗಿ ನಿಂತಿರುವುದು ಮಾತ್ರ ಸ್ಕೂಟರುಗಳು. ಅಂಗಡಿಯನ್ನು ಈಗ ಮೊಮ್ಮಗ ನೋಡಿಕೊಳ್ಳುತ್ತಾನೆ. ಎಪ್ಪತ್ತೈದು ದಾಟಿದ ಅಜ್ಜ ಸ್ಟೂಲಿನ ಮೇಲೆ ಕೂತು ನೋಡುತ್ತಿರುತ್ತಾರೆ. ಊರೆಲ್ಲ ಅವರನ್ನು ಉಸ್ತಾದ್ ಎನ್ನುತ್ತದೆ.

ಹುಡುಗ ಗಾಲಿಯನ್ನು ಚೌಕಟ್ಟಿನ ಪಕ್ಕ ಹಿಡಿದು ನೋಡಿ, "ಅಂಕಲ್, ಎರಡೂ ಕಡೆ ಎಳೆದು ತುರುಕಿದ್ರೆ ಹೋಗ್ತದೆ. ನಟ್ ಟೈಟ್ ಮಾಡಿದ್ರೆ ಮುಗೀತು" ಎಂದ. ಉಸ್ತಾದ್ ಸ್ಟೂಲಿನಿಂದಲೇ, "ಹೋಗ್ತದೆ ಕಣೋ, ಆಮೇಲೆ ದಿನಾ ಅದು ವಾಪಸ್ ಬರೋಕೆ ಒದ್ದಾಡ್ತದೆ" ಎಂದರು. ನಂತರ ನನ್ನ ಕಡೆ ತಿರುಗಿ, "ಮೇಷ್ಟ್ರೇ, ಎಷ್ಟಿದೆ ನೋಡ್ರಿ" ಎಂದರು.

ವರ್ನಿಯರ್ ತೆಗೆದೆ. ಗಾಲಿಯ ಹಬ್ಬು, ಒಂದು ತುದಿಯ ಲಾಕ್‌ನಟ್ಟಿನ ಹೊರಮೈಯಿಂದ ಇನ್ನೊಂದರ ಹೊರಮೈಗೆ, 135 ಮಿಲಿಮೀಟರ್. ಅಪ್ಪನ ಚೌಕಟ್ಟಿನಲ್ಲಿ ಆಕ್ಸಲ್ ಕೂರುವ ಎರಡು ಕಿವಿಗಳ ನಡುವಿನ ಜಾಗ 114. ವ್ಯತ್ಯಾಸ 21. ಒಂದು ಹೆಬ್ಬೆರಳಿನ ಅಗಲ. ಅಷ್ಟಕ್ಕೇ ಎರಡು ತಲೆಮಾರು ಒಂದಾಗದೆ ನಿಂತಿದ್ದವು.

ಈ ವ್ಯತ್ಯಾಸ ಯಾರ ತಪ್ಪೂ ಅಲ್ಲ. ಹಳೆಯ ಸೈಕಲ್ಲಿನ ಹಿಂದಿನ ಗಾಲಿಗೆ ಇದ್ದದ್ದು ಒಂದೇ ಹಲ್ಲುಚಕ್ರ. ಅದಕ್ಕೆ 110, 114 ಮಿಲಿಮೀಟರ್ ಧಾರಾಳವಾಯಿತು. ಐದು ಚಕ್ರದ ಗೇರು ಬಂದಾಗ ಅದು 120 ಆಯಿತು. ಆರು ಏಳು ಚಕ್ರಕ್ಕೆ 126. ಎಂಟಕ್ಕೆ 130. ಗುಡ್ಡ ಹತ್ತುವ ಸೈಕಲ್ಲುಗಳು ಬಂದ ಮೇಲೆ ಗಾಲಿ ಗಟ್ಟಿಯಿರಲೆಂದು 135. ಚಕ್ರ ಹೆಚ್ಚಿದಂತೆಲ್ಲ ಚೌಕಟ್ಟು ಮನೆಯ ಪಡಸಾಲೆಯ ಹಾಗೆ ಅಗಲವಾಗುತ್ತಾ ಬಂದಿದೆ. ಅಪ್ಪನ ಸೈಕಲ್ಲು ಒಂದು ಚಕ್ರದ ಕಾಲದ್ದು, ಮಗಳ ಗಾಲಿ ಏಳು ಚಕ್ರದ್ದು.

"21 ಎಳೆದ್ರೆ ಜಾಸ್ತಿ ಆಯ್ತದೆ" ಎಂದರು ಉಸ್ತಾದ್. "ಗಾಲೀನ ಒಸಿ ಕುಗ್ಗಿಸ್ಬೇಕು, ಫ್ರೇಮನ್ನ ಒಸಿ ಬಿಡಿಸ್ಬೇಕು. ಏಳು ಹಲ್ಲಿಗೆ 126 ಸಾಕು. ಗಾಲಿ 9 ಬಿಟ್ಕೊಡ್ಲಿ, ಫ್ರೇಮು 12 ಬಿಟ್ಕೊಡ್ಲಿ. ಒಂದೊಂದು ಕಡೆ ಆರಾರು." ವಿಜ್ಞಾನದ ಮೇಷ್ಟ್ರಾದ ನನಗಿಂತ ಮೊದಲೇ ಅವರ ಲೆಕ್ಕ ಮುಗಿದಿತ್ತು. ನಂತರ ಒಂದು ಎಚ್ಚರಿಕೆ: "ಇದು ಉಕ್ಕು, ಅದಕ್ಕೇ ಒಪ್ಕೊಳ್ತೀನಿ. ಮಗೂದು ಅಲ್ಯೂಮಿನಿಯಂ ಫ್ರೇಮಾಗಿದ್ರೆ ಮುಟ್ತಾ ಇರ್ಲಿಲ್ಲ. ಅದು ಬಗ್ಗಲ್ಲ, ಬಿರೀತದೆ."

ನಾನಿನ್ನೂ ಹೂಂ ಅಂದಿರಲಿಲ್ಲ. ಅವ್ವನ ಮಾತು ತಲೆಯಲ್ಲಿತ್ತು. ಅಷ್ಟರಲ್ಲಿ ಹುಡುಗ ಹಳೆಯ ಗಾಲಿಯನ್ನು ಬಿಚ್ಚಿದ. ಆಕ್ಸಲ್ಲಿನ ಎರಡೂ ತುದಿಯಿಂದ ಒಂದೊಂದು ಹಿತ್ತಾಳೆಯ ಬಿಲ್ಲೆ ಜಾರಿ ಅಂಗೈಗೆ ಬಿತ್ತು. ಉಸ್ತಾದ್ ಅವನ್ನು ಬಟ್ಟೆಯಲ್ಲಿ ಒರೆಸಿ ಕಣ್ಣ ಹತ್ತಿರ ಹಿಡಿದರು. "ಮೇಷ್ಟ್ರೇ, ಇದು ಕಂಪನಿ ಮಾಲಲ್ಲ. ಯಾರೋ ಲೇತಲ್ಲಿ ತಿರುಗ್ಸಿದ್ದಾರೆ. ನೋಡ್ರಿ, ಅಂಚು ಹೆಂಗೆ ಸವರಿದ್ದಾರೆ."

ಅಳೆದೆ. ಒಂದು ಬಿಲ್ಲೆಯ ದಪ್ಪ 2 ಮಿಲಿಮೀಟರ್. ಇನ್ನೊಂದೂ 2. ವರ್ನಿಯರಿನ ಗೀಟು ಗೀಟಿಗೆ ಕೂತಿತ್ತು. ಹಳೆಯ ಹಬ್ಬು 110. ಅಂದರೆ ಆ ಚೌಕಟ್ಟು ಹುಟ್ಟುವಾಗ 114 ಇರಲಿಲ್ಲ. ಯಾರೋ ಅದನ್ನು ಒಮ್ಮೆ ಆಗಲೇ ಅಗಲ ಮಾಡಿದ್ದರು. ಆಮೇಲೆ ಉಳಿದ ಜಾಗವನ್ನು ಹಿತ್ತಾಳೆಯ ಬಿಲ್ಲೆ ಹಾಕಿ ತುಂಬಿದ್ದರು. ಅಷ್ಟು ನಾಜೂಕಾಗಿ ತುಂಬುವವರು ನನಗೆ ಗೊತ್ತಿದ್ದ ಮಟ್ಟಿಗೆ ಒಬ್ಬರೇ.

ಬಿಲ್ಲೆಗಳನ್ನು ತಂದು ಅವ್ವನ ಅಂಗೈಯಲ್ಲಿಟ್ಟೆ. ಅವಳು ಎಲೆಅಡಿಕೆ ಮೆಲ್ಲುವುದನ್ನು ನಿಲ್ಲಿಸಿ ಬಹಳ ಹೊತ್ತು ನೋಡಿದಳು. "ಇದಾ..." ಎಂದು ಶುರುಮಾಡಿದಳು. ನಾನಿನ್ನೂ ಶಾಲೆಗೆ ಸೇರದ ಕಾಲ. ರಾಗಿ ಮೂಟೆಯನ್ನು ಕ್ಯಾರಿಯರಿಗೆ ಹೇರಿಕೊಂಡು ಅಪ್ಪ ಮಿಲ್ಲಿಗೆ ಹೊರಟಿದ್ದಾಗ ಹಳ್ಳಕ್ಕೆ ಇಳಿದು ಹಿಂದಿನ ಆಕ್ಸಲ್ ಮುರಿಯಿತು, ಹಬ್ಬೂ ಸೀಳಿತು. ತಿಂಗಳ ಕೊನೆ. ಕೈಯಲ್ಲಿ ಕಾಸಿಲ್ಲ. ಬೆಳಿಗ್ಗೆ ಮೊದಲ ಪಾಳಿ, ಗೇಟಿಗೆ ತಡವಾದರೆ ಸಂಬಳ ಕಡಿತ. ಪಕ್ಕದ ಮನೆಯವರು ಮೂಲೆಯಲ್ಲಿದ್ದ ಬೇರೆ ಕಂಪನಿಯ ಗಾಲಿಯೊಂದನ್ನು ಕೊಟ್ಟರು. ಅದು ಸೇರಲಿಲ್ಲ.

"ರಾತ್ರಿ ಲಾಟೀನು ಹಚ್ಕೊಂಡು ಕೂತ್ರು. ನನ್ನ ಒನಕೆ ಇಸ್ಕೊಂಡು ಆ ಕಂಬಿ ಸಂದೀಲಿ ಇಟ್ಟು ಮೀಟಿದ್ರು. ಸೈಕಲ್ ಅಲ್ಲಾಡ್ದಂಗೆ ನಾನೇ ಹಿಡ್ಕೊಂಡಿದ್ದೆ ಕಣಪ್ಪಾ. ಮೂರು ಸಂಬಳ ಆದ್ಮೇಲೆ ಹೊಸ ಹಬ್ಬು ತಂದ್ರು. ಆವಾಗ ಇದು ಸಡ್ಲ ಆಯ್ತು ಅಂತ ಈ ಬಿಲ್ಲೆ ಮಾಡ್ಕೊಂಡು ಬಂದ್ರು."

"ಹಂಗಾದ್ರೆ ಬಗ್ಸಬ್ಯಾಡಿ ಅಂದಿದ್ದು?"

ಅವ್ವ ಸುಮ್ಮನಾದಳು. ಆಮೇಲೆ ನಿಧಾನವಾಗಿ, "ಸೈಕಲ್ಲಿಗೇನಾಯ್ತದೆ. ಆ ಟೆಂಪೊ ಹತ್ತಿದಾಗ ಕೂಸು ಅದರ ಮ್ಯಾಲಿದ್ದಿದ್ರೆ?" ಎಂದಳು.

ಅಲ್ಲಿಗೆ ವಿಷಯ ತಿಳಿಯಿತು. ಅವ್ವ ಕಾಯುತ್ತಿದ್ದುದು ಅಪ್ಪನ ಚೌಕಟ್ಟನ್ನಲ್ಲ. ಅದಕ್ಕೆ ನನ್ನ ಬಳಿ ಉತ್ತರವೂ ಇರಲಿಲ್ಲ. ರಸ್ತೆ ನಮ್ಮ ಮಾತು ಕೇಳುವುದಿಲ್ಲ. "ಬ್ರೇಕು, ದೀಪ ಎರಡೂ ಗಟ್ಟಿ ಮಾಡಿಸ್ತೀನಿ, ಹೆದ್ದಾರಿಗೆ ಹತ್ತಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗ್ತಾಳೆ" ಎಂದೆ. ಹುಡುಗಿ ಬೇರೆ ಮನೆ ಮಾಡಿದರೆ ರಸ್ತೆಯ ಚಿಂತೆ ಹೋಗುತ್ತದೆ, ಹುಡುಗಿಯೂ ಹೋಗುತ್ತಾಳೆ, ಎಂಬುದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಅವ್ವನಿಗೆ ಅದು ನನಗಿಂತ ಮೊದಲೇ ಗೊತ್ತಿತ್ತು. ಮಾರನೆಯ ಭಾನುವಾರ ನಾನು ಹೊರಡುವಾಗ ಅವಳು ಅಟ್ಟದಿಂದ ಏನನ್ನೋ ಇಳಿಸಿ ಬಾಗಿಲಿಗೆ ಒರಗಿಸಿಟ್ಟಿದ್ದಳು. ಒನಕೆ.

ಉಸ್ತಾದ್ ಒನಕೆ ನೋಡಿ ನಗಲಿಲ್ಲ. ತೂಗಿ ನೋಡಿ, "ಮರ ಚೆನ್ನಾಗಿದೆ" ಎಂದರು. ಮುಂದಿನ ಗಾಲಿ, ಚೈನ್ ಡಬ್ಬ, ಕ್ಯಾರಿಯರ್ ಎಲ್ಲ ಬಿಚ್ಚಿ ಚೌಕಟ್ಟನ್ನು ಗೋಣಿತಾಟಿನ ಮೇಲೆ ಮಲಗಿಸಿದರು. ಒನಕೆಯ ತುದಿಯನ್ನು ಸೀಟಿನ ಕೊಳವೆಗೆ ಆನಿಸಿ, ಹಿಂದಿನ ಒಂದು ಕಡೆಯ ಕಂಬಿಯನ್ನಷ್ಟೇ ಹೊರಗೆ ಮೀಟುವುದು. ಬಿಡುವುದು. ಅಳೆಯುವುದು. ಆಮೇಲೆ ಮಗುಚಿ ಇನ್ನೊಂದು ಕಡೆ.

ಮೊದಲ ಸಲ ಒತ್ತಿ ಬಿಟ್ಟಾಗ 114. ಕದಲಿರಲಿಲ್ಲ. ಎರಡನೆಯ ಸಲ ಇನ್ನಷ್ಟು ಒತ್ತಿದರು, ಆಗಲೂ 114. ಮೂರನೆಯ ಸಲ ಉಸ್ತಾದರ ಮೊಮ್ಮಗನೂ ಕೈ ಹಾಕಿದ. ಬಿಟ್ಟಾಗ 116. ಮೂವತ್ತು ವರ್ಷ ಮಕ್ಕಳಿಗೆ ಸ್ಥಿತಿಸ್ಥಾಪಕ ಮಿತಿ ಎಂದು ಕರಿಹಲಗೆಯ ಮೇಲೆ ಗೆರೆ ಎಳೆದು ಪಾಠ ಮಾಡಿದ್ದೇನೆ. ಒಂದು ಮಿತಿಯವರೆಗೆ ಉಕ್ಕು ಎಷ್ಟು ಎಳೆದರೂ ತನ್ನ ಜಾಗಕ್ಕೆ ಮರಳುತ್ತದೆ, ಮಿತಿ ದಾಟಿದರೆ ದಾಟಿದಷ್ಟು ಅಲ್ಲೇ ಉಳಿಯುತ್ತದೆ. ಆ ಗೆರೆ ಎಲ್ಲಿದೆ ಎಂದು ಕೈಗೆ ಗೊತ್ತಾದದ್ದು ಅವತ್ತು. ಬೇಕಾದದ್ದು ಆರು ಮಿಲಿಮೀಟರ್, ಆದರೆ ಅದರ ಎಷ್ಟೋ ಪಟ್ಟು ಆಚೆಗೆ ಹೋಗಿ ಬಂದರೆ ಮಾತ್ರ ಆ ಆರು ದಕ್ಕುತ್ತದೆ.

ನನಗೂ ಹುಮ್ಮಸ್ಸು ಬಂತು. "ಕೊಡಿ, ನಾನೊಂದು ಕೈ ನೋಡ್ತೀನಿ" ಎಂದು ಒನಕೆ ತೆಗೆದುಕೊಂಡೆ. ಎಡಗಡೆಯ ಕಂಬಿ. ಮೈಭಾರ ಬಿಟ್ಟು ಒತ್ತಿದೆ. ಟಿಕ್ ಎಂದು ಸದ್ದಾಯಿತು. ಪೆಡಲಿನ ಹಿಂದೆ ಎರಡು ಕಂಬಿಗಳನ್ನು ಕೂಡಿಸುವ ಅಡ್ಡಪಟ್ಟಿಯ ಬೆಸುಗೆಯಿಂದ ಕರೀ ಚೂರೊಂದು ಸಿಡಿದು ತಾಟಿನ ಮೇಲೆ ಬಿತ್ತು. ನನ್ನ ಎದೆ ಧಸಕ್ಕೆಂದಿತು. ಐವತ್ತೇಳು ವರ್ಷದ ಸೈಕಲ್ಲನ್ನು ಐದು ನಿಮಿಷದಲ್ಲಿ ಮುರಿದೆನಲ್ಲ ಎಂದು ಕೈಕಾಲು ತಣ್ಣಗಾಯಿತು. ಉಸ್ತಾದ್ ಮಾತಾಡದೆ ಕನ್ನಡಕ ಏರಿಸಿ, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಬೆಸುಗೆಯನ್ನು ಒರೆಸಿ, ಉಗುರಿನಿಂದ ಸುತ್ತ ಗೀರಿದರು. ಮತ್ತೆ ಒರೆಸಿದರು. "ಬಣ್ಣ. ಬರೀ ಬಣ್ಣ" ಎಂದರು. ನನಗೆ ಉಸಿರು ಬಂತು.

ಅಳೆದರೆ 123 ತೋರಿಸಿತು. ಇನ್ನು ಮೂರೇ ಮಿಲಿಮೀಟರ್ ಎಂದು ನಾನು ಹಿಗ್ಗಿದೆ. ಅವರು ತಲೆಯಾಡಿಸಿ ಜೇಬಿನಿಂದ ದಾರದ ಉಂಡೆ ತೆಗೆದರು. ಒಂದು ಕಿವಿಗೆ ದಾರ ಕಟ್ಟಿ, ಮುಂದೆ ಹ್ಯಾಂಡಲ್ಲಿನ ಕೊಳವೆಯನ್ನು ಸುತ್ತಿ, ಹಿಂದಕ್ಕೆ ತಂದು ಇನ್ನೊಂದು ಕಿವಿಗೆ ಬಿಗಿಯಾಗಿ ಕಟ್ಟಿದರು. ಈಗ ದಾರ ಸೀಟಿನ ಕೊಳವೆಯ ಎರಡೂ ಪಕ್ಕದಲ್ಲಿ ಹಾದುಹೋಗುತ್ತದೆ. ಕೊಳವೆಗೂ ದಾರಕ್ಕೂ ನಡುವಿನ ಸಂದು ಎರಡು ಕಡೆಯೂ ಒಂದೇ ಇರಬೇಕು. ಇರಲಿಲ್ಲ. ಎಡಗಡೆ ಮೂರು ಮಿಲಿಮೀಟರ್ ಹೆಚ್ಚಿತ್ತು. ನನ್ನ ಹುಮ್ಮಸ್ಸಿಗೆ ಎಡಗಡೆಯ ಕಂಬಿ ತನ್ನ ಪಾಲಿಗಿಂತ ಮುಂದೆ ಹೋಗಿತ್ತು, ಬಲಗಡೆಯದು ಇದ್ದಲ್ಲೇ ಇತ್ತು.

"ಒಟ್ಟು ಲೆಕ್ಕ ಸರಿ ಬಂದ್ರೆ ಸಾಲ್ದು ಮೇಷ್ಟ್ರೇ. ಯಾರು ಎಷ್ಟು ಬಿಟ್ಕೊಟ್ರು ಅಂತ ನೋಡ್ಬೇಕು. ಹಿಂಗೇ ಬಿಟ್ರೆ ಹಿಂದಿನ ಗಾಲಿ ಒಂದು ದಾರಿ, ಮುಂದಿನ ಗಾಲಿ ಒಂದು ದಾರಿ. ಕೈ ಬಿಟ್ರೆ ಸೈಕಲ್ ಎಳೀತದೆ."

ಎಡಗಡೆಯದನ್ನು ಒಂದು ಮಿಲಿಮೀಟರ್ ಒಳಕ್ಕೆ ತಂದು, ಬಲಗಡೆಯದನ್ನು ಹೊರಕ್ಕೆ ಎಳೆಯಲು ಮಧ್ಯಾಹ್ನವಾಯಿತು. ಪ್ರತಿ ಸಲವೂ ದಾರ, ಪ್ರತಿ ಸಲವೂ ವರ್ನಿಯರ್. ಕೊನೆಗೆ 126ಕ್ಕೆ ಕಾಲು ಮಿಲಿಮೀಟರ್ ಕಡಿಮೆ, ಎರಡೂ ಕಡೆ ದಾರದ ಸಂದು ಸಮ. ಮುಗಿಯಿತೆಂದು ನಾನು ಚಹಾ ತರಿಸಿದೆ. ಮುಗಿದಿರಲಿಲ್ಲ. ಕಂಬಿಗಳು ಅಗಲವಾದ ಮೇಲೆ ಅವುಗಳ ತುದಿಯ ಕಿವಿಗಳು ಒಂದಕ್ಕೊಂದು ಎದುರಾಗಿ ನಿಲ್ಲದೆ ಹೊರಕ್ಕೆ ವಾಲಿರುತ್ತವೆ. ಹಾಗೆಯೇ ನಟ್ಟು ಬಿಗಿದರೆ ಆಕ್ಸಲ್ಲೇ ಬಾಗಬೇಕಾಗುತ್ತದೆ. ಇಂಥ ಗೇರು ಹಬ್ಬಿನಲ್ಲಿ ಬಲಗಡೆಯ ಗುಂಡುಗಳು ಹಲ್ಲುಚಕ್ರಗಳಿಗಿಂತ ಒಳಗೆ ಇರುವುದರಿಂದ ಆಕ್ಸಲ್ಲಿನ ಉದ್ದನೆಯ ತುದಿಗೆ ಆಸರೆ ಇರುವುದಿಲ್ಲ. ಅದು ಮುರಿಯುವುದೂ ಅಲ್ಲಿಯೇ. ಉಸ್ತಾದ್ ದೊಡ್ಡ ಸ್ಕ್ರೂ ಸ್ಪ್ಯಾನರಿನಿಂದ ಒಂದೊಂದು ಕಿವಿಯನ್ನೂ ಹಿಡಿದು, ಕಣ್ಣಳತೆಯಲ್ಲಿ, ಬಹಳ ಸಾವಕಾಶವಾಗಿ ನೆಟ್ಟಗೆ ಮಾಡಿದರು. ಅಪ್ಪ ಅರ ಹಿಡಿದಾಗ ಹೀಗೆಯೇ ಉಸಿರು ಕಟ್ಟುತ್ತಿದ್ದರು.

ಗಾಲಿಯ ಪಾಲು ಇನ್ನೂ ಇತ್ತು. ಹಬ್ಬಿನ ಎಡಗಡೆಯ ಲಾಕ್‌ನಟ್ಟು ತೆಗೆದು, ಅದರ ಕೆಳಗಿನ ಬಿಲ್ಲೆಗಳಲ್ಲಿ ಒಟ್ಟು 9 ಮಿಲಿಮೀಟರಿನಷ್ಟನ್ನು ಹೊರಹಾಕಿದ್ದಾಯಿತು. ಒಂದೇ ಕಡೆ 9 ತೆಗೆದರೆ ನಡುಗೆರೆ ಬಲಕ್ಕೆ ನಾಲ್ಕೂವರೆ ಸರಿಯುತ್ತದೆ, ಆದ್ದರಿಂದ ರಿಮ್ಮೂ ಅಷ್ಟೇ ಸರಿಯಬೇಕು. ಬಲಗಡೆಯ ಕಡ್ಡಿಗಳನ್ನು ಬಿಗಿ ಮಾಡುತ್ತಾ, ಎಡಗಡೆಯವನ್ನು ಸಡಿಲಿಸುತ್ತಾ, ಕಾಲು ಕಾಲು ತಿರುವಿನಂತೆ ಮೂವತ್ತಾರು ಕಡ್ಡಿಗಳನ್ನೂ ಹುಡುಗ ಸುತ್ತು ಹಾಕಿದ. ಅವನ ಕೈ ಚುರುಕು. ಬೆಂಡು ತೆಗೆಯುವುದರಲ್ಲಿ ಅಜ್ಜನಿಗಿಂತ ಒಂದು ಕೈ ಮೇಲೆಂದು ಅಜ್ಜನೇ ಹೇಳಿದರು. ಆಕ್ಸಲ್ಲಿನ ಉಳಿದ ತುದಿಯನ್ನು ಹ್ಯಾಕ್ಸಾದಲ್ಲಿ ಕತ್ತರಿಸಿ, ಕಿವಿಯ ಸೀಳಿಗೆ ಎರಡು ಸಲ ಅರ ಆಡಿಸಿದ ಮೇಲೆ ಗಾಲಿ, ಬಿಗಿಯೂ ಇಲ್ಲದೆ ಸಡಿಲವೂ ಇಲ್ಲದೆ, ತನ್ನ ಮನೆಗೆ ಬಂದಂತೆ ಕೂತಿತು.

ಉಳಿದದ್ದೆಲ್ಲ ಇಂಥ ಕೆಲಸಗಳಿಗೆ ಅಂಟಿಕೊಂಡೇ ಬರುವ ರಗಳೆ. ಹಳೆಯ ಚೈನ್‌ವೀಲಿನ ಹಲ್ಲು ದಪ್ಪ, ಗೇರಿನ ಚೈನು ಸಣ್ಣ. ಅದನ್ನು ಬದಲಿಸಬೇಕಾಯಿತು. ಹೊಸ ರಿಮ್ಮಿಗೆ ಕಂಬಿ ಬ್ರೇಕು ಹಿಡಿಯುವುದಿಲ್ಲ. ಹಿಂದೆ ತಂತಿಯ ಬ್ರೇಕು ಹಾಕಿದ್ದಾಯಿತು, ಮುಂದೆ ಹಳೆಯದೇ ಉಳಿಯಿತು. ಗೇರು ತೂಗುಹಾಕಲು ಆಕ್ಸಲ್ಲಿಗೆ ಒಂದು ಪಟ್ಟಿ. ಚೈನಿನ ಡಬ್ಬಕ್ಕೆ ಮಾತ್ರ ಜಾಗವಾಗಲಿಲ್ಲ. ಅದರ ಮೇಲೆ ಅಪ್ಪನ ಹೆಸರಿನ ಮೊದಲ ಅಕ್ಷರಗಳನ್ನು ಬಿಳಿ ಬಣ್ಣದಲ್ಲಿ ಬರೆಸಿದ್ದರು. ಅದನ್ನು ತಂದು ಚಪ್ಪರದ ಗೋಡೆಗೆ ಮೊಳೆ ಹೊಡೆದು ನೇತುಹಾಕಿದೆ. ಕೂಲಿ ಎಷ್ಟೆಂದು ಕೇಳಿದರೆ ಉಸ್ತಾದ್ ಸಾಮಾನಿನ ದುಡ್ಡಷ್ಟೇ ಹೇಳಿದರು. "ಬಗ್ಸಿದ್ದಕ್ಕೆ?" ಎಂದೆ. "ಅದು ನಿಮ್ಮಪ್ಪ ಶುರು ಮಾಡಿದ್ದ ಕೆಲ್ಸ. ಅರ್ಧಕ್ಕೆ ಕೂಲಿ ಹೆಂಗೆ ಕೇಳ್ಲಿ" ಎಂದು ನಕ್ಕರು. ಹುಡುಗನ ಜೇಬಿಗೆ ಬಲವಂತವಾಗಿ ಐನೂರು ಹಾಕಿ ಬಂದೆ.

2025ರ ಫೆಬ್ರವರಿಯ ಒಂದು ಬೆಳಿಗ್ಗೆ ಮಗಳು ಹೊರಟಳು. ಸೀಟನ್ನು ಪೂರ್ತಿ ಇಳಿಸಿದ್ದರೂ ಅವಳಿಗೆ ಅದು ಎತ್ತರವೇ. ಹೆಲ್ಮೆಟ್ಟು, ಹಿಂದೆ ಮಿಣುಕುವ ಕೆಂಪು ದೀಪ, ಕ್ಯಾರಿಯರಿನಲ್ಲಿ ಊಟದ ಡಬ್ಬಿ. ಅವ್ವ ಗೇಟಿನ ತನಕ ಬಂದು, ಸೆರಗಿನಿಂದ ಸೀಟು ಒರೆಸಿ, "ಹುಷಾರು ಕಣವ್ವ" ಎಂದಳು. ನಾನು ಸ್ಕೂಟರಿನಲ್ಲಿ ಹಿಂದೆ ಹೋದೆ. ಸಣ್ಣ ಏರು ಬಂದಾಗ ಕಟಕ್ ಎಂದು ಗೇರು ಬದಲಾಯಿತು. ಸಮತಟ್ಟಿನಲ್ಲಿ ಅವಳು ಒಂದು ಕ್ಷಣ ಹ್ಯಾಂಡಲ್ ಹಗುರ ಮಾಡಿದ್ದು ಕಾಣಿಸಿತು. ಸೈಕಲ್ ಎಡಕ್ಕೂ ಎಳೆಯಲಿಲ್ಲ, ಬಲಕ್ಕೂ ಎಳೆಯಲಿಲ್ಲ. ಎಡಗಡೆಗೆ ತಗುಲಿಕೊಂಡು ಲಾರಿಗಳು ನಿಂತಿದ್ದ ಕಡೆಯೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು, ಅದನ್ನೂ ಹೇಳಬೇಕು. ಮಾದಾವರದ ನಿಲ್ದಾಣದಲ್ಲಿ ಬೀಗ ಹಾಕಿ, ಮೆಟ್ಟಿಲ ಬಳಿ ನಿಂತು, "ಅಪ್ಪಾ, ನಾಳೆಯಿಂದ ಹಿಂದೆ ಬರ್ಬೇಡಿ" ಎಂದಳು.

ಪಿ.ಜಿ.ಯ ಮಾತು ಸದ್ಯಕ್ಕೆ ನಿಂತಿದೆ. ಸದ್ಯಕ್ಕೆ ಎಂದೇ ಹೇಳುತ್ತೇನೆ. ಅವಳ ವಯಸ್ಸಿಗೆ ಊರು ಕಿರಿದೆನ್ನಿಸುವ ದಿನ ಮತ್ತೆ ಬರಬಹುದು. ಬಂದರೆ ತಡೆಯುವುದಿಲ್ಲ. ಮೂರು ತಿಂಗಳ ಮೇಲೆ ಟಯರು ಬದಲಿಸಲು ಗಾಲಿ ಬಿಚ್ಚಿದಾಗ ಕುತೂಹಲಕ್ಕೆ ಮತ್ತೆ ವರ್ನಿಯರ್ ಹಿಡಿದೆ. 126ಕ್ಕೆ ಕಾಲು ಕಡಿಮೆ. ಚೌಕಟ್ಟು ಹಿಂದಕ್ಕೆ ಬಂದಿರಲಿಲ್ಲ.

ಅವ್ವ ಹಿತ್ತಾಳೆಯ ಆ ಎರಡು ಬಿಲ್ಲೆಗಳನ್ನು ಎಲೆಅಡಿಕೆಯ ಚೀಲದಲ್ಲಿ ಇಟ್ಟುಕೊಂಡಿದ್ದಾಳೆ. ಸಂಜೆ ಏಳರ ಹೊತ್ತಿಗೆ ಜಗಲಿಯ ಮೇಲೆ ಬಂದು ಕೂರುತ್ತಾಳೆ. ಗೇಟಿನ ಹತ್ತಿರ ಹಳೆಯ ಬೆಲ್ಲು ಎರಡು ಸಲ ಬಾರಿಸಿದ ಮೇಲೆ ಎದ್ದು ಒಳಗೆ ಹೋಗಿ ಸಾರು ಬಿಸಿಗಿಡುತ್ತಾಳೆ.